ಐದು ಪಾಲಿಕೆಗಳಲ್ಲೂ ನೆರವಿಗೆ ಒಂದೇ ಕನಿಷ್ಠ ಮಿತಿ ಇರಲಿ

ಮಾನ್ಯರೇ,

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದ ಮೇಲೆ ಕಸ, ರಸ್ತೆಗುಂಡಿ, ಆಸ್ತಿ ತೆರಿಗೆಗಳ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಬಡವರಿಗೆ ಪಾಲಿಕೆಗಳು ಕೊಡುವ ನೆರವಿನ ಮಾತು ಮಾತ್ರ ಅಪರೂಪ.

ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5ರಷ್ಟು ಹಣವನ್ನು ನಗರ ಸ್ಥಳೀಯ ಸಂಸ್ಥೆಗಳು ಮೀಸಲಿಡುವ ಪದ್ಧತಿ ನಮ್ಮಲ್ಲಿದೆ. ಶೇಕಡಾವಾರು ಲೆಕ್ಕ ಎಲ್ಲೆಡೆ ಒಂದೇ ಆದರೂ, ಐಟಿ ಪಾರ್ಕ್‌ಗಳ ತೆರಿಗೆ ಬರುವ ಪೂರ್ವ ಪಾಲಿಕೆಯ ಶೇ 5ಕ್ಕೂ ಹಳೆಯ ಬಡಾವಣೆಗಳನ್ನೇ ನೆಚ್ಚಿಕೊಂಡ ಪಾಲಿಕೆಯ ಶೇ 5ಕ್ಕೂ ಅಜಗಜಾಂತರ. ತ್ರಿಚಕ್ರ ವಾಹನ, ಹೊಲಿಗೆ ಯಂತ್ರ, ಮನೆ ಕಟ್ಟಲು ಸಹಾಯಧನ ಇವೆಲ್ಲ ನಾಳೆ ಪಾಲಿಕೆಗೊಂದು ಬಗೆಯಾದರೆ ಆಶ್ಚರ್ಯವಿಲ್ಲ.

ರಾಜ್ಯಗಳ ನಡುವೆ ಪೈಪೋಟಿ ಮೇಲ್ಮುಖವಾಗಿದೆ. ತಮಿಳುನಾಡಿನಲ್ಲಿ 2021ರಲ್ಲಿ ಶುರುವಾದ ಮಹಿಳೆಯರ ಉಚಿತ ಬಸ್ ಪ್ರಯಾಣ 2023ರಲ್ಲಿ ಕರ್ನಾಟಕಕ್ಕೂ ತೆಲಂಗಾಣಕ್ಕೂ, 2025ರಲ್ಲಿ ಆಂಧ್ರಕ್ಕೂ ಬಂತು. ಅಲ್ಲಿ ಮತದ ಲೆಕ್ಕಾಚಾರವಿದೆ. ಸ್ಥಳೀಯ ಸಂಸ್ಥೆಗಳ ಪಾಡು ಬೇರೆ. ಸ್ವೀಡನ್‌ನ ಪುರಸಭೆಗಳ ಕುರಿತ ಅಧ್ಯಯನವೊಂದರ ಪ್ರಕಾರ, ನೆರೆಯ ಪುರಸಭೆಗಳು ಬಡವರ ನೆರವನ್ನು 100 ಕ್ರೋನಾ (ಅಲ್ಲಿನ ಹಣ) ಇಳಿಸಿದರೆ ಅವುಗಳ ಪಕ್ಕದ ಪುರಸಭೆಯೂ ಸುಮಾರು 41 ಕ್ರೋನಾ ಇಳಿಸುತ್ತಿತ್ತು. ತಾವೊಬ್ಬರೇ ಹೆಚ್ಚು ಕೊಟ್ಟರೆ ಸುತ್ತಲಿನ ಬಡವರೆಲ್ಲ ಇಲ್ಲಿಗೇ ಬಂದಾರು ಎಂಬ ಅಂಜಿಕೆ ಇದರ ಹಿಂದಿರುತ್ತದೆ. ಆ ದೇಶ 1998ರಲ್ಲಿ ರಾಷ್ಟ್ರಮಟ್ಟದ ಕನಿಷ್ಠ ಮಾನದಂಡವನ್ನು ಜಾರಿಗೆ ತಂದಿತು.

ಹೊಲಿಗೆ ಯಂತ್ರಕ್ಕಾಗಿ ಯಾರಾದರೂ ಮನೆ ಬದಲಿಸುತ್ತಾರೆಯೇ ಎಂದು ಕೇಳಬಹುದು. ಬದಲಿಸಲಿಕ್ಕಿಲ್ಲ, ಆದರೆ ಬಜೆಟ್ ಬರೆಯುವವರಿಗೆ ಆ ಅಂಜಿಕೆಯಷ್ಟೇ ಸಾಕು. ಮೇಲಾಗಿ ಇಲ್ಲಿ ಬಡವರು ಮನೆ ಬದಲಿಸುವುದು ಬಾಡಿಗೆ ಏರಿದಾಗ. ಸಿ.ವಿ. ರಾಮನ್ ನಗರದ ಕಡೆಯಿಂದ ಮಹದೇವಪುರದ ಕಡೆಗೆ ಸಾಮಾನು ಸಾಗಿಸಿದ ಮನೆಗೆಲಸದ ಹೆಂಗಸಿಗೆ ತಾನು ಕೇಂದ್ರ ಪಾಲಿಕೆ ಬಿಟ್ಟು ಪೂರ್ವ ಪಾಲಿಕೆಗೆ ಸೇರಿದೆನೆಂಬುದು ಗೊತ್ತೇ ಇರುವುದಿಲ್ಲ. ಬಾಡಿಗೆ ಕರಾರು ಪತ್ರ ಮಾಡಿಕೊಡಲು ಮಾಲೀಕರು ಒಪ್ಪುವುದಿಲ್ಲ, ರೇಷನ್ ಕಾರ್ಡ್‌ನಲ್ಲಿ ಹಳೆಯ ವಿಳಾಸವೇ ಉಳಿದಿರುತ್ತದೆ. ಹೀಗಿರುವಾಗ ಆಕೆಯ ಅರ್ಜಿಯನ್ನು ಎರಡು ಪಾಲಿಕೆಗಳೂ ತಮ್ಮದಲ್ಲವೆಂದು ಪಕ್ಕಕ್ಕಿಡುವುದು ಸುಲಭ.

ಆದ್ದರಿಂದ ಮುಖ್ಯಮಂತ್ರಿಯವರ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರವು ಐದೂ ಪಾಲಿಕೆಗಳಿಗೆ ಅನ್ವಯವಾಗುವ ಕನಿಷ್ಠ ನೆರವಿನ ಮೊತ್ತವನ್ನು ಗೊತ್ತುಪಡಿಸಿ, ಆದಾಯ ಕಡಿಮೆಯಿರುವ ಪಾಲಿಕೆಗೆ ಕೊರತೆಯನ್ನು ಅನುದಾನದಿಂದ ತುಂಬಿಕೊಡಬೇಕು. ಹೆಚ್ಚು ಕೊಡಬಲ್ಲವರು ಕೊಡಲಿ. ಮನೆ ಬದಲಿಸಿದವರ ಅರ್ಜಿ ಹೊಸ ಪಾಲಿಕೆಗೆ ತಾನಾಗಿಯೇ ವರ್ಗವಾಗುವ ವ್ಯವಸ್ಥೆಯನ್ನೂ ಮಾಡಬೇಕೆಂದು ಕೋರುತ್ತೇನೆ.

— ಓರ್ವ ಓದುಗ, ಬೆಂಗಳೂರು