ಉಯಿಲು ಇಸಿಯಲ್ಲಿ ಸಿಗುವುದಿಲ್ಲ

ಮಾನ್ಯರೇ,

ಮನೆತನದ ಹಿರಿಯರನ್ನು ಹುಡುಕಲು ಹೊರಟವರು ಮೊದಲು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಇಸಿ, ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರ ಕೇಳುತ್ತಾರೆ. ಅದರಲ್ಲಿ ಮುತ್ತಜ್ಜನ ಉಯಿಲು ಕಾಣದಿದ್ದರೆ, ಉಯಿಲು ಬರೆದೇ ಇಲ್ಲವೆಂದುಕೊಂಡು ಕೈಚೆಲ್ಲುತ್ತಾರೆ. ಈ ಒಂದು ತಪ್ಪಿನಿಂದ ಎಷ್ಟೋ ಮನೆತನಗಳ ಹುಡುಕಾಟ ಮೊದಲ ಮೆಟ್ಟಿಲಲ್ಲೇ ನಿಂತುಹೋಗುತ್ತದೆ. ಇಸಿ ತಯಾರಾಗುವುದು ಕ್ರಯ, ಭೋಗ್ಯ, ದಾನ, ವಿಭಾಗಪತ್ರಗಳ ನಕಲಿರುವ ಒಂದನೇ ಪುಸ್ತಕದಿಂದ. 1908ರ ನೋಂದಣಿ ಕಾಯ್ದೆಯ ಪ್ರಕಾರ ಉಯಿಲುಗಳಿಗೆ ಮತ್ತು ದತ್ತು ತೆಗೆದುಕೊಳ್ಳಲು ಕೊಟ್ಟ ಅಧಿಕಾರಪತ್ರಗಳಿಗೆ ಮೂರನೇ ಪುಸ್ತಕವೆಂಬ ಬೇರೆಯದೇ ವಹಿ ಇದೆ. ಅದಕ್ಕೊಂದು ಮೂರನೇ ಸೂಚಿಯೂ, ಅಂದರೆ ಹೆಸರುಗಳ ಅಕಾರಾದಿ ಪಟ್ಟಿಯೂ ಇದೆ. ಕೇಳಬೇಕಾದದ್ದು ಅದನ್ನು.

ಉಯಿಲು ಬರೆದವರು ಬದುಕಿರುವವರೆಗೆ ಅದರ ನಕಲು ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ. ಅವರು ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಕೊಡಬೇಕೆಂದು ಅದೇ ಕಾಯ್ದೆಯ 57ನೇ ಸೆಕ್ಷನ್ ಹೇಳುತ್ತದೆ. ಈ ಸೆಕ್ಷನ್ನನ್ನು ಅರ್ಜಿಯಲ್ಲೇ ಬರೆದುಬಿಡಿ, ಮರಣ ಪ್ರಮಾಣಪತ್ರವಿದ್ದರೆ ಜೊತೆಗಿಡಿ. ವಹಿಯನ್ನು ನಾವೇ ತಿರುವಿಹಾಕುವಂತಿಲ್ಲ, ಕಚೇರಿಯವರೇ ಹುಡುಕಬೇಕು. ಆದ್ದರಿಂದ ಹೆಸರು, ತಂದೆಯ ಹೆಸರು, ಗ್ರಾಮ, ಹುಡುಕಬೇಕಾದ ವರ್ಷಗಳು ಸ್ಪಷ್ಟವಾಗಿರಲಿ. ಸತ್ತ ವರ್ಷಕ್ಕೆ ನಿಲ್ಲಿಸಬೇಡಿ. ಬರೆದವರು ಸತ್ತ ಬಳಿಕವೂ ಉಯಿಲನ್ನು ನೋಂದಣಿಗೆ ಹಾಜರುಪಡಿಸಬಹುದು. ಹಿಂದಿನ ಹತ್ತು ವರ್ಷಗಳ ಜೊತೆಗೆ ಮುಂದಿನ ಕೆಲವು ವರ್ಷಗಳನ್ನೂ ಕೇಳಿ. ವೀರಪ್ಪ ಈರಪ್ಪನಾಗಿ, ವೆಂಕಟಪ್ಪ ಯಂಕಟಪ್ಪನಾಗಿ ಬೇರೆ ಅಕ್ಷರದಡಿ ಕೂತಿರಬಹುದು. ಎರಡೂ ರೂಪಗಳನ್ನು ಅರ್ಜಿಯಲ್ಲಿ ಕೊಡಿ. ಆ ಊರು ಆಗ ಯಾವ ಸಬ್‌ರಿಜಿಸ್ಟ್ರಿಗೆ ಸೇರಿತ್ತೆಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಿ.

ಅಲ್ಲೂ ಸಿಗದಿದ್ದರೆ ಆಶ್ಚರ್ಯವಿಲ್ಲ. ಉಯಿಲಿನ ನೋಂದಣಿ ಎಂದೂ ಕಡ್ಡಾಯವಾಗಿರಲಿಲ್ಲ. ಮೇಲಾಗಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಮೊದಲು ಅವಿಭಕ್ತ ಕುಟುಂಬದ ಆಸ್ತಿಯಲ್ಲಿನ ತನ್ನ ಹಿಸ್ಸೆಯನ್ನು ಉಯಿಲಿನಲ್ಲಿ ಬರೆಯಲು ಬರುತ್ತಿರಲಿಲ್ಲ. ಗಂಡುಮಕ್ಕಳಿದ್ದ ಮನೆಯಲ್ಲಿ ಉಯಿಲಿಗಿಂತ ಪಾಲುಪಟ್ಟಿ ಸಿಗುವ ಸಂಭವವೇ ಹೆಚ್ಚು. ಹಳೇ ಮೈಸೂರಿನಲ್ಲಿ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ಬಂದ ನಂತರದ ಪಾಲುಪಟ್ಟಿಗಳನ್ನು ವಿಶೇಷ ಗಮನವಿಟ್ಟು ಓದಬೇಕು. ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳ ಹೆಸರುಗಳು ಅಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಜಮೀನಿನ ನಾಲ್ಕೂ ಎಲ್ಲೆ ಹೇಳುವ ಚೆಕ್ಕುಬಂದಿಯನ್ನೂ ಬಿಡಬೇಡಿ. ಪಕ್ಕದ ಜಮೀನಿನವನು ಎಷ್ಟೋ ಸಲ ಒಂದು ತಲೆಮಾರು ಹಿಂದೆ ಬೇರೆಯಾದ ದಾಯಾದಿಯೇ ಆಗಿರುತ್ತಾನೆ. ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ದತ್ತುಮಗನೂ ಸಾಕುತಂದೆಯ ಹೆಸರಿನೊಂದಿಗೇ ‘ಬಿನ್’ ಆಗುತ್ತಾನೆ, ಹಾಗಾಗಿ ಹೆತ್ತವರನ್ನು ದತ್ತಕಪತ್ರದಲ್ಲಿ ಹುಡುಕಬೇಕು.

ಇನ್ನು ನ್ಯಾಯಾಲಯದ ಕಡತ. ವಿಭಾಗದ ದಾವೆಯ ಒಂದು ಕಡತದಲ್ಲಿ ನಾಲ್ಕೈದು ತಲೆಮಾರು ಸಿಗಬಹುದು. ವಾದಪತ್ರದ ಜೊತೆ ವಂಶವೃಕ್ಷ ಇರುತ್ತದೆ, ಎಲ್ಲರೂ ಅದನ್ನೇ ನಕಲು ಮಾಡಿಕೊಂಡು ಬರುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಕಡತದಲ್ಲಿ ಅತ್ಯಂತ ಎಚ್ಚರಿಕೆಯಿಂದ ಓದಬೇಕಾದ ಹಾಳೆಯೂ ಅದೇ. ಅದು ಪಾಲು ಕೇಳುವವನು ಬರೆಸಿದ್ದು. ಒಬ್ಬ ತಮ್ಮನನ್ನೋ ಎರಡನೇ ಹೆಂಡತಿಯ ಮಕ್ಕಳನ್ನೋ ಬಿಟ್ಟರೆ ಪಾಲು ದೊಡ್ಡದಾಗುತ್ತದೆ. ಪ್ರತಿವಾದಿಯ ಹೇಳಿಕೆಯಲ್ಲಿರುವ ವೃಕ್ಷವನ್ನು ಪಕ್ಕದಲ್ಲಿಟ್ಟು, ಎರಡೂ ಎಲ್ಲಿ ಒಪ್ಪುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ನೋಡಿ. ಒಪ್ಪಿದ ಭಾಗ ಬಹುಮಟ್ಟಿಗೆ ನಿಜ. ಒಪ್ಪದ ಭಾಗಕ್ಕೆ ತೀರ್ಪಿನ ಇತ್ಯರ್ಥವನ್ನು ಓದಬೇಕು. ವ್ಯಾಜ್ಯ ಹುಟ್ಟುವ ಮೊದಲೇ ಆಡಿದ ಅಥವಾ ಬರೆದ ಸಂಬಂಧದ ಮಾತಿಗೆ 1872ರ ಸಾಕ್ಷ್ಯ ಕಾಯ್ದೆಯೇ 32ನೇ ಸೆಕ್ಷನ್ನಿನಲ್ಲಿ ವಿಶೇಷ ಸ್ಥಾನ ಕೊಟ್ಟಿತ್ತು. ವಂಶ ಹುಡುಕುವವರೂ ಅದೇ ಅಳತೆಗೋಲು ಹಿಡಿಯುವುದು ಒಳ್ಳೆಯದು.

ಯಾರೂ ಕೇಳದ, ಆದರೆ ತುಂಬ ಬೆಲೆಬಾಳುವ ಕಾಗದ ಇನ್ನೊಂದಿದೆ. ದಾವೆ ನಡೆಯುತ್ತಿರುವಾಗ ಪಕ್ಷಗಾರರು ಸತ್ತರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 22ನೇ ಆದೇಶದಂತೆ ವಾರಸುದಾರರನ್ನು ದಾಖಲೆಗೆ ತರುವ ಅರ್ಜಿ ಹಾಕಬೇಕು. ಈಗ ಅದಕ್ಕೆ 90 ದಿನಗಳ ಗಡುವು. ಗಡುವು ಲೆಕ್ಕ ಹಾಕಬೇಕಾದ್ದರಿಂದ ಸತ್ತ ದಿನಾಂಕ ಖಚಿತವಾಗಿ ಬರುತ್ತದೆ, ಜೊತೆಗೆ ಹೆಂಡತಿ ಮಕ್ಕಳ ಹೆಸರು, ವಯಸ್ಸು, ವಾಸದ ಊರು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಊರು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ.

ದಾವೆಯ ನಂಬರು ಗೊತ್ತಿಲ್ಲದಿದ್ದರೆ ಖಾತೆ ಬದಲಾವಣೆ ಬರೆಯುವ ಮ್ಯುಟೇಶನ್ ರಿಜಿಸ್ಟರಿನ ಷರಾ ನೋಡಿ, ಡಿಕ್ರಿಯ ಮೇಲೆ ಖಾತೆ ಬದಲಾಗಿದ್ದರೆ ಅಲ್ಲಿ ನಂಬರು ಸಿಗಬಹುದು. ಹಳೆಯ ಕಡತಗಳಲ್ಲಿ ತೀರ್ಪು, ಡಿಕ್ರಿ ಉಳಿದು ಸಾಕ್ಷಿ ಹೇಳಿಕೆಗಳು ನಿಯಮದಂತೆ ನಾಶವಾಗಿರುವುದು ಸಾಮಾನ್ಯ. ಸಾಕ್ಷ್ಯವೆಂದು ಗುರುತು ಹಾಕಿದ ಮೂಲ ಉಯಿಲು ಕೇಸು ಮುಗಿದ ಮೇಲೆ ಹಾಜರುಪಡಿಸಿದವರಿಗೇ ವಾಪಸಾಗಿರಬಹುದು. ಆಗ ಎದುರು ಕಕ್ಷಿಯ ಮನೆಯಲ್ಲೂ ವಿಚಾರಿಸಬೇಕು. ಮೇಲ್ಮನವಿ ಹೋಗಿದ್ದರೆ ಅದಕ್ಕಾಗಿ ಕಾಗದಪತ್ರಗಳನ್ನು ಜೋಡಿಸಿದ ಪೇಪರ್ ಬುಕ್ಕಿನಲ್ಲಿ ಅದರ ನಕಲು ಉಳಿದಿರಲೂಬಹುದು. ಆದರೆ 1956ಕ್ಕೆ ಮೊದಲು ಧಾರವಾಡ, ಬೆಳಗಾವಿ, ವಿಜಯಪುರ ಕಡೆಯ ಮೇಲ್ಮನವಿ ಮುಂಬಯಿಗೆ, ಮಂಗಳೂರಿನದು ಮದ್ರಾಸಿಗೆ, ಕಲಬುರಗಿಯದು ಹೈದರಾಬಾದಿಗೆ ಹೋಗುತ್ತಿತ್ತು. ಮುಂಬಯಿ ಕರ್ನಾಟಕದ ಹಳೆಯ ಕಾಗದಕ್ಕೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿ ಬಲ್ಲವರೂ ಹೈದರಾಬಾದ್ ಕರ್ನಾಟಕದ್ದಕ್ಕೆ ಉರ್ದು ಬಲ್ಲವರೂ ಬೇಕಾಗುತ್ತಾರೆ. ದಕ್ಷಿಣ ಕನ್ನಡದಲ್ಲಿ ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆತನಗಳ ವೃಕ್ಷ ಮೂಲ ಸ್ತ್ರೀಯಿಂದ ಶುರುವಾಗುತ್ತದೆ. ಅಲ್ಲಿ ಅಪ್ಪನ ಹೆಸರು ಹಿಡಿದು ಮೇಲಕ್ಕೆ ಹತ್ತಲು ಹೋದರೆ ಬೇರೆ ಕುಟುಂಬಕ್ಕೆ ಸೇರಿಬಿಡುತ್ತೀರಿ.

ತಾರೀಕಿನಲ್ಲೂ ಎಡವುವುದುಂಟು. ಶಕ ವರ್ಷಕ್ಕೆ 78, ಕಂದಾಯದ ವರ್ಷವಾದ ಫಸಲಿಗೆ 590 ಕೂಡಿಸಿದರೆ ಇಸವಿ ಬರುತ್ತದೆ. ಆದರೆ ಸಂವತ್ಸರ ಯುಗಾದಿಯಿಂದ ಯುಗಾದಿಗೆ. ರಕ್ತಾಕ್ಷಿ ಸಂವತ್ಸರದ ಶ್ರಾವಣವೆಂದರೆ 1924, ಅದೇ ಸಂವತ್ಸರದ ಮಾಘವೆಂದರೆ 1925. 60 ವರ್ಷ ಹಿಂದಿನ ರಕ್ತಾಕ್ಷಿಯೋ ಇದೋ ಎಂಬುದನ್ನು ಸ್ಟಾಂಪ್ ಕಾಗದ ನೋಡಿ ತೀರ್ಮಾನಿಸಬೇಕು.

ನಮ್ಮ ಕೋರಿಕೆ ಇಷ್ಟೇ. ಹಳೆಯ ವಹಿಗಳನ್ನು ಸ್ಕ್ಯಾನ್ ಮಾಡುವಾಗ ನೋಂದಣಿ ಇಲಾಖೆ ಮೂರನೇ ಸೂಚಿಯನ್ನು ಮೊದಲು ಕೈಗೆತ್ತಿಕೊಳ್ಳಲಿ. ಒಂದನೇ ಪುಸ್ತಕದ ಪತ್ರಗಳಿಗೆ ಪಕ್ಷಗಾರರ ಮನೆಯಲ್ಲಿ ಪ್ರತಿ ಇರಬಹುದು, ಪಹಣಿಯಲ್ಲಿ ಸುಳಿವು ಇರಬಹುದು. ಜಾರಿಗೆ ಬಾರದೇ ಹೋದ ಒಂದು ಉಯಿಲಿನ ಸುಳಿವು ಆ ಸೂಚಿಯ ಒಂದು ಸಾಲು ಬಿಟ್ಟರೆ ಬೇರೆಲ್ಲೂ ಉಳಿದಿರದೇ ಇರಬಹುದು.

— ಹಳೆಯ ದಾಖಲೆ ಓದುವ ಕೆಲವರು