ಪೈಥಾನ್ ಮುಚ್ಚುವಾಗ ಆಗುವ ಕ್ರ್ಯಾಶ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಿಮ್ಮ ಪ್ರೋಗ್ರಾಂ ಕೆಲಸವೆಲ್ಲ ಮುಗಿಸಿ, ಮುಚ್ಚುವ ಹೊತ್ತಿಗೆ ಮಾತ್ರ ಆಗಾಗ ಕ್ರ್ಯಾಶ್ ಆಗುತ್ತಿದೆಯಾ? ಮೊದಲು ಡೀಮನ್ ಥ್ರೆಡ್‌ಗಳನ್ನು ನೋಡಿ. ಥ್ರೆಡ್ ಎಂದರೆ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ನಡೆಯುವ ಕೆಲಸ; ಡೀಮನ್ ಎಂದರೆ ಹಿನ್ನೆಲೆಯದು ಎಂದು ಗುರುತು ಹಾಕಿದ ಥ್ರೆಡ್.

ಸಾಮಾನ್ಯ ಥ್ರೆಡ್‌ಗಳು ಮುಗಿಯುವ ತನಕ ಇಂಟರ್‌ಪ್ರಿಟರ್ ಕಾಯುತ್ತದೆ, ಡೀಮನ್‌ಗಳಿಗೆ ಕಾಯುವುದಿಲ್ಲ. ಮೇನ್ ಥ್ರೆಡ್ ಎಲ್ಲವನ್ನೂ ಕಳಚುತ್ತಿರುವಾಗಲೇ ಡೀಮನ್ ತನ್ನ ಕೆಲಸ ಮುಗಿಸಿ ಜಿಐಎಲ್ (ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ನಡೆಸಲು ಬಿಡುವ ಲಾಕ್) ಕೇಳಿಕೊಂಡು ಬರುತ್ತದೆ. ಸಿಪೈಥಾನ್ (ಸಾಮಾನ್ಯವಾಗಿ ಎಲ್ಲರೂ ಬಳಸುವ ಪೈಥಾನ್) 3.14ಕ್ಕೆ ಮುಂಚೆ ಅಂಥ ಥ್ರೆಡ್ಡನ್ನು ಅಲ್ಲೇ ಕೊನೆಗೊಳಿಸಲಾಗುತ್ತಿತ್ತು. ನಡುವೆ ಸಿ++ ಕೋಡ್ ಇದ್ದರೆ ಕ್ರ್ಯಾಶ್ ಆಗುವ ಅಪಾಯವಿತ್ತು. 3.14ರಿಂದ ಆ ಥ್ರೆಡ್ ಇದ್ದಲ್ಲೇ ಸುಮ್ನೆ ನಿಂತುಬಿಡುತ್ತದೆ. ಇದು ಒಳ್ಳೆಯ ಬದಲಾವಣೆಯೇ. ಆದರೆ ಲಾಕ್ ಹಿಡಿದುಕೊಂಡೇ ನಿಂತರೆ ಬಿಡುವವರು ಯಾರೂ ಇರುವುದಿಲ್ಲ, ಅಲ್ವಾ? ಡೀಮನ್ ಒಳಗೆ ಪ್ರಿಂಟ್ ನಡೆಯುತ್ತಿದ್ದಾಗ ಮುಚ್ಚಿದರೆ, ಔಟ್‌ಪುಟ್ ಬಫರ್‌ನ ಲಾಕ್ ಸಿಗಲಿಲ್ಲ ಎಂದು ಫೇಟಲ್ ಎರರ್ ಬರುವುದು ಇದೇ ಕಾರಣಕ್ಕೆ.

ಸರಿಪಡಿಸಲು ದಯವಿಟ್ಟು ಸ್ಲೀಪ್ (ಸ್ವಲ್ಪ ಹೊತ್ತು ಕಾಯುವ ಸಾಲು) ಸೇರಿಸಬೇಡಿ. ಅದರಿಂದ ತೊಂದರೆ ಮರೆಯಾಗುತ್ತದೆ, ಹೋಗುವುದಿಲ್ಲ. ಡೀಮನ್ ಬಿಟ್ಟು ಸಾಮಾನ್ಯ ಥ್ರೆಡ್ ಬಳಸಿ. ಥ್ರೆಡ್‌ನ ಲೂಪ್ ಒಂದು ಈವೆಂಟ್ (ನಿಲ್ಲಬೇಕೆಂದು ಥ್ರೆಡ್‌ಗೆ ತಿಳಿಸುವ ಸಂಕೇತ) ನೋಡುತ್ತಿರಲಿ. ಮೇನ್ ಫಂಕ್ಷನ್‌ನ ಕೊನೆಗೆ, ಫೈನಲಿ ಭಾಗದಲ್ಲಿ, ಆ ಈವೆಂಟ್ ಸೆಟ್ ಮಾಡಿ, ಥ್ರೆಡ್ಡನ್ನು ಜಾಯಿನ್ ಮಾಡಿ, ಅಂದರೆ ಅದು ಮುಗಿಯುವ ತನಕ ಕಾಯಿರಿ. ಕ್ಯೂ ಮೇಲೆ ಕಾಯುತ್ತಿರುವ ಥ್ರೆಡ್ ಆದರೆ ನಿಲ್ಲುವ ಗುರುತಾಗಿ ಕ್ಯೂಗೆ ಒಂದು None ಮೌಲ್ಯ ಹಾಕಿ ಎಬ್ಬಿಸಿ.

ಈವೆಂಟ್ ಸೆಟ್ ಮಾಡುವುದನ್ನು ಅಟ್‌ಎಕ್ಸಿಟ್‌ನಲ್ಲಿ (ಪ್ರೋಗ್ರಾಂ ಮುಚ್ಚುವಾಗ ನಡೆಯುವಂತೆ ನೋಂದಾಯಿಸುವ ಕೋಡ್) ಮಾತ್ರ ಇಡಬೇಡಿ. ಥ್ರೆಡ್‌ಗಳಿಗೆ ಕಾಯುವುದು ಮೊದಲು, ಅಟ್‌ಎಕ್ಸಿಟ್ ಆಮೇಲೆ. ಹಾಗಾಗಿ ಪ್ರೋಗ್ರಾಂ ಮುಚ್ಚದೆ ಹಾಗೇ ನೇತಾಡುತ್ತದೆ.