ಅಕ್ಕಿಮುಡಿಯ ಲೆಕ್ಕ: ಮುತ್ತಿಗೆಯ ಕಾದಂಬರಿ ಬರೆಯುತ್ತಿರುವ ಯುವ ಬರಹಗಾರರಿಗೆ ಒಂದು ಪತ್ರ

ಪ್ರಿಯ ಯುವ ಮಿತ್ರರೆ,

ನೀವು ಕಳುಹಿಸಿದ ಮೂರು ಅಧ್ಯಾಯಗಳನ್ನು ಎರಡು ಸಲ ಓದಿದೆ. ಇಂಗ್ಲಿಷ್ ಕಂಪನಿಯ ಸೈನ್ಯ ಒಳಗಿದ್ದ ಮಂಗಳೂರು ಕೋಟೆಯನ್ನು 1783ರಲ್ಲಿ ಟಿಪ್ಪುವಿನ ಸೈನ್ಯ ಮುತ್ತಿದ ಕಥೆಯನ್ನು ಕಾದಂಬರಿಯ ವಸ್ತುವಾಗಿ ಆರಿಸಿಕೊಂಡ ನಿಮ್ಮ ಧೈರ್ಯ ನನಗೆ ಬಹಳ ಮೆಚ್ಚುಗೆಯಾಯಿತು. ಕೋಟೆಯ ಕಥೆಯೆಂದರೆ ನಮ್ಮ ಮನಸ್ಸು ಚಿತ್ರದುರ್ಗದ ಕಡೆಗೋ ಶ್ರೀರಂಗಪಟ್ಟಣದ ಕಡೆಗೋ ತಾನಾಗಿ ಹೊರಳುತ್ತದೆ; ಕಡಲಂಚಿನ ಈ ಕೋಟೆಯಲ್ಲಿ ನಡೆದ ಎಂಟು ತಿಂಗಳ ಹಸಿವಿನ ಕಡೆ ತಿರುಗಿದವರು ಕಡಿಮೆ. ನಿಮ್ಮ ವಾಕ್ಯಗಳಲ್ಲಿ ಕಸುವಿದೆ. ಆದರೆ ಮೂರು ಅಧ್ಯಾಯ ಮುಗಿದರೂ ಕೋಟೆಯೊಳಗೆ ಒಬ್ಬರೂ ಊಟ ಮಾಡಿಲ್ಲ. ತೋಪು ಹಾರಿದೆ, ಗೋಡೆ ಬಿರಿದಿದೆ, ಕತ್ತಿ ಮಿಂಚಿದೆ, ರಾಜನಿಷ್ಠೆಯ ಮಾತುಗಳು ಬಂದಿವೆ; ಒಲೆ ಮಾತ್ರ ಒಮ್ಮೆಯೂ ಉರಿದಿಲ್ಲ. ಈ ಪತ್ರ ಮುಖ್ಯವಾಗಿ ಆ ಒಲೆಯ ಬಗ್ಗೆ.

ಮುತ್ತಿಗೆಗೆ ಇನ್ನೊಂದು ಹೆಸರು ಕಾಯುವುದು. ಲಗ್ಗೆ ಕೆಲವು ಗಂಟೆಗಳ ಕೆಲಸ, ಹೆಚ್ಚೆಂದರೆ ಒಂದೆರಡು ದಿನಗಳದ್ದು. ಉಳಿದ ದಿನಗಳೆಲ್ಲ ಒಳಗಿನ ಕಣಜಕ್ಕೂ ಹೊರಗಿನ ಪಾಳೆಯಕ್ಕೂ ನಡುವೆ ನಡೆಯುವ ಲೆಕ್ಕಾಚಾರ. ಮಂಗಳೂರಿನಲ್ಲಿ ಈ ಲೆಕ್ಕಾಚಾರ ಮೇ ತಿಂಗಳಿನಿಂದ ಮರುವರ್ಷದ ಜನವರಿ 30ರವರೆಗೆ ನಡೆಯಿತು. ನೀವು ಮೊದಲು ಕಾಗದದ ಮೇಲೆ ಅಕ್ಕಿಯ ಲೆಕ್ಕ ಹಾಕಿ ನೋಡಿ. ನಮ್ಮ ಕಡೆಯ ಅಳತೆಯಲ್ಲಿ ಹದಿನಾಲ್ಕು ಸೇರಿಗೆ ಒಂದು ಕಳಸಿಗೆ, ಮೂರು ಕಳಸಿಗೆಗೆ ಒಂದು ಮುಡಿ; ಬೈಹುಲ್ಲು ಸುತ್ತಿ ಬಿಗಿದ ಅಕ್ಕಿಯ ಮೂಟೆ ಅದು. ಅಂದರೆ ಒಂದು ಅಕ್ಕಿಮುಡಿಯೆಂದರೆ 42 ಸೇರು. ಆರು ಜನರ ಮನೆಯೊಂದರಲ್ಲಿ ತಲೆಗೆ ದಿನಕ್ಕೆ ಅರ್ಧ ಸೇರಿನಂತೆ ಬೇಯಿಸಿದರೆ ಮೂರು ಸೇರು ಬೇಕು, ಒಂದು ಮುಡಿ ಹದಿನಾಲ್ಕು ದಿನಕ್ಕೆ ಮುಗಿಯುತ್ತದೆ. 250 ದಿನಗಳಿಗೆ ಹೆಚ್ಚುಕಡಿಮೆ ಹದಿನೆಂಟು ಮುಡಿ ಬೇಕು. ನಿಮ್ಮ ಕಥಾನಾಯಕಿಯ ಮನೆಯ ಅಟ್ಟದಲ್ಲಿ ಮೇ ತಿಂಗಳಲ್ಲಿ ಎಷ್ಟು ಮುಡಿಗಳಿದ್ದವು? ದಂಡಿನವರು ಅದರಲ್ಲಿ ಎಷ್ಟನ್ನು ಹೊತ್ತೊಯ್ದರು? ಉಳಿದದ್ದನ್ನು ಅವಳು ಯಾವ ತಿಂಗಳಲ್ಲಿ ಅರ್ಧ ಸೇರಿನಿಂದ ಕಾಲು ಸೇರಿಗೆ ಇಳಿಸಿದಳು, ಮೊದಲು ಯಾರ ಎಲೆಯಿಂದ ಇಳಿಸಿದಳು? ಈ ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕ ದಿನ ನಿಮ್ಮ ಕಾದಂಬರಿ ನಿಜವಾಗಿ ಶುರುವಾಗುತ್ತದೆ.

ಕಾಲವನ್ನೂ ಗಮನಿಸಬೇಕು. ಟಿಪ್ಪುವಿನ ಸೈನ್ಯ ಘಟ್ಟದ ಮೇಲಿನ ಬಿದನೂರನ್ನು ಮರಳಿ ಗೆದ್ದು ಘಟ್ಟ ಇಳಿದು ಮಂಗಳೂರಿಗೆ ಬಂದದ್ದು ಮೇ ತಿಂಗಳಲ್ಲಿ. ಅದು ಗದ್ದೆ ಉಳುವವರು ಆಕಾಶ ನೋಡುವ ಹೊತ್ತು. ಮಳೆ ಹಿಡಿದೊಡನೆ ಮಳೆಗಾಲದ ಭತ್ತವಾದ ಏಣಿಲು ಬೆಳೆಗೆ ಬಿತ್ತನೆಯಾಗಬೇಕು, ನೇಜಿ (ಭತ್ತದ ಸಸಿ) ನೆಡಬೇಕು. ಬಯಲಲ್ಲಿ ಪಾಳೆಯ ಬಿದ್ದಿದ್ದರೆ, ಕೋಣಗಳನ್ನು ತೋಪು ಎಳೆಯಲು ಹಿಡಿದುಕೊಂಡಿದ್ದರೆ, ಆಳುಗಳು ಕಂದಕ ತೋಡಲು ಹೋಗಿದ್ದರೆ ಆ ಗದ್ದೆಗಳಲ್ಲಿ ಬಿತ್ತುವವರು ಯಾರು? ಜೂನ್ ತಿಂಗಳಲ್ಲಿ ಬಿತ್ತದಿದ್ದದ್ದು ಅಕ್ಟೋಬರಿನಲ್ಲಿ ಬರಿಯ ಕಣವಾಗಿ ಕಾಣಿಸುತ್ತದೆ. ಗುಂಡು ತಾಗದ ರೈತನನ್ನೂ ಮುತ್ತಿಗೆ ಹೀಗೆ ನಾಲ್ಕು ತಿಂಗಳ ಅನಂತರ ಬಂದು ಮುಟ್ಟುತ್ತದೆ. ನಿಮ್ಮ ಎರಡನೆಯ ಅಧ್ಯಾಯದಲ್ಲಿ ಮಳೆ ಬರೀ ಹಿನ್ನೆಲೆಯ ಸದ್ದಾಗಿದೆ. ಅದು ಕಥೆಯ ನಡುಮನೆಗೆ ಬರಬೇಕು. ಆ ಮಳೆಗೆ ತೋಪಿನ ಮದ್ದು ಒದ್ದೆಯಾಗುತ್ತದೆ, ತೋಡಿದ ಕಂದಕ ಕೆರೆಯಾಗುತ್ತದೆ, ಗುಡಾರದೊಳಗಿನ ಸೈನಿಕ ಜ್ವರದಿಂದ ಬೀಳುತ್ತಾನೆ. ಆ ಮಳೆಗಾಲದಲ್ಲಿ ಹೊರಗಿನ ಮೈಸೂರು ಸೈನ್ಯ ಅನುಭವಿಸಿದ ಕಷ್ಟ ಒಳಗಿನವರದಕ್ಕಿಂತ ಕಡಿಮೆಯದಲ್ಲ. ಘಟ್ಟದ ಮೇಲಿನ ಒಣ ಬಯಲಿನಲ್ಲಿ ಬೆಳೆದ ಒಬ್ಬ ಸವಾರ ಮೊದಲ ಬಾರಿಗೆ ಕರಾವಳಿಯ ಜುಲೈ ತಿಂಗಳನ್ನು ಕಂಡಾಗ ಅವನಿಗೆ ಏನನ್ನಿಸಿರಬಹುದೆಂದು ಒಂದು ಪುಟ ಬರೆಯಿರಿ.

ಕದನವಿರಾಮ ಆದದ್ದು 1783ರ ಆಗಸ್ಟ್ 2ರಂದು. ತುಳುವರ ಪಂಚಾಂಗ ತೆರೆದು ನೋಡಿದರೆ ಅದು ಆಟಿ ತಿಂಗಳು. ಆಟಿಯೆಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ: ದೋಣಿ ಕಡಲಿಗಿಳಿಯದ, ಹಳೆಯ ಅಕ್ಕಿ ತಳ ಮುಟ್ಟಿದ, ಹೊಸ ಪೈರು ಇನ್ನೂ ಹಾಲುಗಟ್ಟದ ತಿಂಗಳು. ನನ್ನ ಅಜ್ಜಿ ಮಣ್ಣು ಮೆತ್ತಿ ಕಾಪಿಟ್ಟ ಹಲಸಿನ ಬೀಜವನ್ನು ಆ ತಿಂಗಳಲ್ಲೇ ಹೊರಗೆ ತೆಗೆಯುತ್ತಿದ್ದಳು. ಕೆಸುವಿನೆಲೆಯ ಪತ್ರೊಡೆ, ಕಣಿಲೆ (ಎಳೆ ಬಿದಿರು), ತಿಮರೆಯ (ಒಂದೆಲಗದ) ಚಟ್ನಿ, ತಜಂಕಿನ (ಚಗಟೆ ಸೊಪ್ಪಿನ) ಪಲ್ಯ ಎಲ್ಲವೂ ಬಡತನದ ಜೊತೆ ನೂರಾರು ವರ್ಷ ಬಾಳಿ ಕಲಿತ ಅಡುಗೆಗಳು. ಯುದ್ಧವಿಲ್ಲದ ವರ್ಷದಲ್ಲೂ ಹೊಟ್ಟೆಗೆ ಬಿಗಿಯಾಗಿದ್ದ ಆ ತಿಂಗಳಿಗೆ ಎರಡು ಸೈನ್ಯಗಳ ಬಾಯಿಯೂ ಬಂದು ಸೇರಿದ್ದನ್ನು ಊಹಿಸಿಕೊಳ್ಳಿ.

ಕೋಟೆಯೊಳಗೆ ಕರ್ನಲ್ ಕ್ಯಾಂಪ್‌ಬೆಲ್‌ನ ಕೈಕೆಳಗೆ ಸುಮಾರು 700 ಯುರೋಪಿಯನ್ನರೂ ಎರಡೂವರೆ ಸಾವಿರಕ್ಕೂ ಮಿಕ್ಕ ದೇಶೀ ಸಿಪಾಯಿಗಳೂ ಇದ್ದರು. ದಂಡಿನ ಬೆನ್ನಿಗೆ ಬರುವ ಜನ ಬೇರೆ. ಕದನವಿರಾಮದ ಕರಾರಿನ ಪ್ರಕಾರ ಒಳಗಿನವರಿಗಾಗಿ ಒಂದು ಬಜಾರು ನಡೆಯಬೇಕಿತ್ತು. ದಿನ ಕಳೆದಂತೆ ಅಲ್ಲಿ ಬೆಲೆ ಏರಿತು, ಸರಕು ಇಳಿಯಿತು. ನವೆಂಬರಿನಲ್ಲಿ ಒಳಗಿನವರ ನೆರವಿಗೆ ಜನರಲ್ ಮ್ಯಾಕ್ಲೌಡ್‌ನ ಹಡಗುಗಳು ಕಡಲಲ್ಲಿ ಕಾಣಿಸಿಕೊಂಡವು. ಕರಾರು ಮುರಿಯಲು ಮನಸ್ಸಾಗದೆ ಸೈನ್ಯವನ್ನು ಇಳಿಸದೆಯೇ ಮರಳಿ ಹೋದವು. ಹಾಯಿಗಳು ಕಣ್ಣೆದುರು ಚಿಕ್ಕದಾಗುತ್ತ ಹೋದ ಆ ಸಂಜೆ ಕೊತ್ತಲದ ಮೇಲೆ ನಿಂತಿದ್ದವರ ಮೌನವನ್ನು ಬರೆಯಬಲ್ಲವರಾದರೆ ನಿಮಗೆ ಲಗ್ಗೆಯ ದೃಶ್ಯವೇ ಬೇಕಾಗುವುದಿಲ್ಲ. ಆಮೇಲೆ ಅವರು ಕುದುರೆಯನ್ನು ತಿಂದರು, ಕಪ್ಪೆ, ಹಾವು, ಇಲಿಗಳನ್ನೂ ತಿಂದರು. ಒಸಡು ಕೊಳೆಯುವ ಸ್ಕರ್ವಿ ಹರಡಿತು. ಸಿಪಾಯಿಗಳಲ್ಲಿ ಅನೇಕರ ಕಣ್ಣು ಮಂಜಾಗಿ ಬಂದೂಕಿನ ಗುರಿ ಹಿಡಿಯುವುದಕ್ಕೂ ಆಗದಾಯಿತು.

ಇಲ್ಲಿ ಒಂದು ಕ್ಷಣ ನಿಲ್ಲಿ. ಪೋಷಣೆಯ ಕೊರತೆಯಿಂದ ಬರುವ ಇರುಳುಗುರುಡಿಗೆ ಮದ್ದು ಹಸಿರು ಸೊಪ್ಪಿನಲ್ಲಿದೆ, ಒಸಡಿನ ಆ ರೋಗಕ್ಕೆ ಮದ್ದು ಹುಳಿಹಣ್ಣಿನಲ್ಲಿದೆ. ಅವರು ಹೀಗೆ ನವೆದ ನವೆಂಬರ್, ಡಿಸೆಂಬರ್, ಜನವರಿ ನಮ್ಮ ಗುಡ್ಡಗಳಲ್ಲಿ ನೆಲ್ಲಿಕಾಯಿ ಬಲಿಯುವ ಕಾಲ; ಹಿತ್ತಿಲುಗಳಲ್ಲಿ ನುಗ್ಗೆಮರವೂ ಇದೆ. ಗೋಡೆಯಿಂದ ಕೂಗಳತೆಯಲ್ಲಿ ಇರುವ ಒಂದು ಹಿಡಿ ನುಗ್ಗೆಸೊಪ್ಪು ಸಿಗದೆ ಒಬ್ಬ ಮನುಷ್ಯನ ಕಣ್ಣು ಹೋಗುತ್ತದೆ. ಮುತ್ತಿಗೆಯ ಕ್ರೌರ್ಯವನ್ನು ಹೇಳುವುದಕ್ಕೆ ಇದಕ್ಕಿಂತ ದೊಡ್ಡ ಫಿರಂಗಿ ನಿಮಗೆ ಬೇಕಿಲ್ಲ. ಈ ಭಾಗವನ್ನು ಬರೆಯುವಾಗ ವಿಶೇಷಣಗಳನ್ನು ಆದಷ್ಟು ಕಡಿಮೆ ಮಾಡಿ. ಹಸಿದವನಿಗೆ ತನ್ನ ಹಸಿವು ಭೀಕರವೆಂದು ಅನಿಸುವುದಿಲ್ಲ. ಅವನಿಗೆ ಅನ್ನ ಕಾಣಿಸುತ್ತದೆ.

ಈಗ ನಿಮ್ಮ ಬರಹದ ಬಗ್ಗೆ ನನಗಿರುವ ನಿಜವಾದ ಆತಂಕಕ್ಕೆ ಬರುತ್ತೇನೆ. ಕೋಟೆಯೊಳಗಿರುವವರು ನಮ್ಮವರು, ಹೊರಗಿರುವವರು ಶತ್ರುಗಳು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ದುರ್ಗದ ಕಥೆ ಕೇಳಿ ಬೆಳೆದವರಿಗೆ ಅದು ಸಹಜವೇ. ಮಂಗಳೂರಿನಲ್ಲಿ ಆ ನಂಬಿಕೆ ನಿಲ್ಲುವುದಿಲ್ಲ. ಇಲ್ಲಿ ಒಳಗಿದ್ದದ್ದು ಕಂಪನಿಯ ಸೈನ್ಯ, ಹೊರಗಿದ್ದದ್ದು ಮೈಸೂರಿನ ಸೈನ್ಯ; ಆದರೆ ಕಂಪನಿಯ ಸೈನ್ಯದಲ್ಲಿ ಹೆಚ್ಚಿನವರು ಮುಂಬಯಿ ಪ್ರಾಂತದಿಂದ ಬಂದ ದೇಶೀ ಸಿಪಾಯಿಗಳು, ಮೈಸೂರಿನ ಪಾಳೆಯದಲ್ಲಿ ಜುಲೈವರೆಗೂ ಫ್ರೆಂಚರ ಪಡೆಯೊಂದಿತ್ತು. ಯುರೋಪಿನಲ್ಲಿ ಎರಡು ದೇಶಗಳ ನಡುವೆ ಶಾಂತಿಯಾಯಿತೆಂಬ ಸುದ್ದಿ ಬಂದೊಡನೆ ಆ ಫ್ರೆಂಚರು ಕೆಲಸ ನಿಲ್ಲಿಸಿ ಹಿಂದೆ ಸರಿದರು. ಕೋಟೆಯೂ ಊರಿನವರದಾಗಿರಲಿಲ್ಲ, ಪಾಳೆಯವೂ ಅವರದಾಗಿರಲಿಲ್ಲ. ನೀವು ನಾಯಕಿಯ ಬಾಯಲ್ಲಿ ಆಡಿಸಿರುವ ನಾಡಭಕ್ತಿಯ ಮಾತುಗಳು ಯಾವ ಕಡೆಗೆ ಸಲ್ಲುತ್ತವೆಂದು ನನಗೆ ತಿಳಿಯಲಿಲ್ಲ, ನಿಮಗೂ ತಿಳಿದಂತಿಲ್ಲ. ಅವನ್ನು ತೆಗೆದುಬಿಡಿ. ಅವಳು ಎರಡೂ ಕಡೆಯವರಿಗೆ ಅಕ್ಕಿ ಕೊಡಬೇಕಾದವಳು, ಎರಡೂ ಕಡೆಯವರಿಂದ ಅಕ್ಕಿ ಬಚ್ಚಿಡಬೇಕಾದವಳು. ಅವಳ ಬುದ್ಧಿ, ಭಯ, ಸುಳ್ಳು, ಔದಾರ್ಯ ಎಲ್ಲವೂ ಅಲ್ಲಿಂದ ಹುಟ್ಟಲಿ.

ದುರ್ಗದ ಕಥೆಯನ್ನು ನಾನು ಕೀಳುಗಳೆಯುತ್ತಿದ್ದೇನೆಂದು ತಿಳಿಯಬೇಡಿ. ಓಬವ್ವನ ಕಥೆ ಎಲ್ಲಿಂದ ಶುರುವಾಗುತ್ತದೆಂದು ಮತ್ತೊಮ್ಮೆ ನೆನಪಿಸಿಕೊಳ್ಳಿ. ಕಾವಲುಗಾರ ಗಂಡ ಊಟಕ್ಕೆ ಕುಳಿತಿದ್ದಾನೆ, ಕುಡಿಯಲು ನೀರಿಲ್ಲ, ಅವಳು ನೀರು ತರಲು ಹೋಗುತ್ತಾಳೆ, ಕೈಗೆ ಸಿಕ್ಕ ಆಯುಧ ಭತ್ತ ಕುಟ್ಟುವ ಒನಕೆ. ಆ ಕಥೆಯನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದವರು ಅನ್ನ, ನೀರು, ಒನಕೆ ಮೂರನ್ನೂ ಬಿಡಲಿಲ್ಲ. ನಾನು ಯುವಕನಾಗಿದ್ದಾಗ ದುರ್ಗದ ಮೇಲೆ ಬರೆದ ಮೊದಲ ನೀಳ್ಗತೆಯಲ್ಲಿ ಆ ಮೂರನ್ನೂ ಬಿಟ್ಟಿದ್ದೆ. ಅದು ಅಚ್ಚಾದ ಮೇಲೆ ಬೆಟ್ಟ ಹತ್ತಿ, ಗೋಪಾಲಸ್ವಾಮಿ ಹೊಂಡದಲ್ಲಿ ತುಂಬಿದ ನೀರು ಅಕ್ಕ-ತಂಗಿಯರ ಹೊಂಡಕ್ಕೂ ಅಲ್ಲಿಂದ ಕೆಳಗಿನ ಊರಿನ ಹೊಂಡಗಳಿಗೂ ಇಳಿಯುವ ದಾರಿಯನ್ನು ನೋಡಿದಾಗ, ಏಳು ಸುತ್ತಿನ ಕೋಟೆಯನ್ನು ಅಷ್ಟು ಕಾಲ ಕಾದದ್ದು ಈ ನೀರೆಂದು ಅರ್ಥವಾಗಿ ತುಂಬಾ ಹೊತ್ತು ಅಲ್ಲೇ ಕುಳಿತಿದ್ದೆ. ಆ ನೀಳ್ಗತೆಯನ್ನು ಆಮೇಲೆ ಯಾವ ಸಂಕಲನಕ್ಕೂ ಸೇರಿಸಲಿಲ್ಲ.

ಭಾಷೆಯ ವಿಷಯ. ನಿಮ್ಮ ಪಾತ್ರಗಳೆಲ್ಲ ಒಂದೇ ಬಗೆಯ ಗ್ರಾಂಥಿಕ ಕನ್ನಡದಲ್ಲಿ ಮಾತಾಡುತ್ತಾರೆ. ಆ ಕೋಟೆಯ ಸುತ್ತ ಎಷ್ಟು ನುಡಿಗಳಿದ್ದವೆಂದು ಯೋಚಿಸಿ: ತುಳು, ಕೊಂಕಣಿ, ಬ್ಯಾರಿ, ಕನ್ನಡ, ದಖನಿ, ಮರಾಠಿ, ಫ್ರೆಂಚ್, ಇಂಗ್ಲಿಷ್, 42ನೇ ಹೈಲ್ಯಾಂಡರ್ ಪಡೆಯ ಸ್ಕಾಟಿಷ್ ಸೈನಿಕರಲ್ಲಿ ಗೇಲಿಕ್ ಮನೆಮಾತಾಗಿದ್ದವರೂ ಇದ್ದರು. ಇವೆಲ್ಲವನ್ನೂ ಪುಟದ ಮೇಲೆ ತರಬೇಕಾಗಿಲ್ಲ. ಆದರೆ ಬಜಾರಿನಲ್ಲಿ ಅಕ್ಕಿ ಕೇಳುವ ಸಿಪಾಯಿಗೂ ಮಾರುವ ಹೆಂಗಸಿಗೂ ನಡುವೆ ಎಷ್ಟು ಮಾತು ಸಾಧ್ಯ, ಎಷ್ಟು ಕೈಸನ್ನೆ ಎಂಬುದು ನಿಮಗೆ ಗೊತ್ತಿರಬೇಕು. ಬೆಲೆಯನ್ನು ಬೆರಳಲ್ಲೇ ತೋರಿಸಿದರೂ ಸಾಕು. ಒಬ್ಬರನ್ನೊಬ್ಬರು ದ್ವೇಷಿಸಬೇಕಾದ ಇಬ್ಬರು ಅಲ್ಲಿ ಒಂದು ಸೇರಿನ ಪಾತ್ರೆಯನ್ನು ಒಟ್ಟಿಗೆ ನೋಡುತ್ತಿರುತ್ತಾರೆ.

ಒಂದು ತಪ್ಪನ್ನು ಕೂಡಲೇ ಸರಿಪಡಿಸಿ. ನಿಮ್ಮ ನಾಯಕಿ 1783ರ ಜೂನ್ ತಿಂಗಳಲ್ಲಿ ಬೋಳೂರಿನ ಸುಲ್ತಾನ್ ಬತ್ತೇರಿಯ ಮೇಲೆ ನಿಂತು ನದಿಯನ್ನು ನೋಡುತ್ತಾಳೆ. ಅದು ಕಟ್ಟಲ್ಪಟ್ಟದ್ದು 1784ರಲ್ಲಿ, ಈ ಮುತ್ತಿಗೆಯೆಲ್ಲ ಮುಗಿದ ಮೇಲೆ. ಓದುಗ ಇಂಥದ್ದನ್ನು ಗುರುತಿಸದೆ ಹೋಗಬಹುದು, ಆದರೆ ಇಲ್ಲದ ಕಟ್ಟಡದ ಮೇಲೆ ನಿಂತವಳ ಮಾತನ್ನು ಬರೆಯುವ ನೀವೇ ಪೂರ್ತಿ ನಂಬಲಾರಿರಿ. ಈ ಮುತ್ತಿಗೆಯ ಬಗ್ಗೆ ಬರೆದಿಟ್ಟವರು ಬಹುಮಟ್ಟಿಗೆ ಅಧಿಕಾರಿಗಳು ಮತ್ತು ದರಬಾರಿನವರು. ಊರಿನವರ ಬಾಳು ತಿಳಿಯಬೇಕಾದರೆ ಅಳತೆ, ಬೆಳೆ, ಮಳೆ, ಅಡುಗೆ, ದಾರಿ ಇವುಗಳ ಮೂಲಕವೇ ಹೋಗಬೇಕು. ಅವುಗಳಲ್ಲಿ ತಪ್ಪಿದರೆ ಹಿಡಿದುಕೊಳ್ಳಲು ಬೇರೆ ಏನೂ ಉಳಿಯುವುದಿಲ್ಲ.

ಜನವರಿ 30ರಂದು ಒಳಗಿನವರು ಆಯುಧ ಮತ್ತು ಗೌರವದೊಂದಿಗೆ ಹೊರಬಂದು ಕಡಲದಾರಿಯಲ್ಲಿ ಹೋದರು. ಕ್ಯಾಂಪ್‌ಬೆಲ್ ಎರಡು ತಿಂಗಳೊಳಗೆ ಮುಂಬಯಿಯಲ್ಲಿ ತೀರಿಕೊಂಡ. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿಯಾಯಿತು. ನಿಮ್ಮ ಟಿಪ್ಪಣಿಯ ಪ್ರಕಾರ ಕಾದಂಬರಿ ಈ ಸಹಿಯೊಂದಿಗೆ ಮುಗಿಯಬೇಕು. ದಯವಿಟ್ಟು ಹಾಗೆ ಮಾಡಬೇಡಿ. ಕೋಟೆ ತೆರವಾದ ದಿನಕ್ಕೂ ಸಹಿಯ ದಿನಕ್ಕೂ ನಡುವೆ, ಫೆಬ್ರವರಿ 24ರಂದು, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿಯಲು ಶುರುಮಾಡಲಾಯಿತು. ಹೆಂಗಸರು, ಮಕ್ಕಳು, ಮುದುಕರು ಸೇರಿದಂತೆ ಸಾವಿರಾರು ಜನರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಬದುಕುಳಿದವರಲ್ಲಿ ಬಹಳ ಮಂದಿ ಊರಿಗೆ ಮರಳಿದ್ದು 1799ರ ನಂತರ. ಐದು ವರ್ಷ ಮೊದಲು, 1779ರಲ್ಲಿ ದುರ್ಗ ಬಿದ್ದಾಗ ಅಲ್ಲಿನ ಬೇಡ ಕುಟುಂಬಗಳನ್ನೂ ಹೀಗೆಯೇ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಗಿತ್ತು. ಕ್ಯಾಥೊಲಿಕರ ಈ ಸೆರೆಯನ್ನು ಇಂದು ಜನ ತಮ್ಮ ತಮ್ಮ ಜಗಳಕ್ಕೆ ಬೇಕಾದಂತೆ ಎಳೆದಾಡುತ್ತಾರೆ. ನೀವು ಎಳೆಯಬೇಡಿ, ಮುಚ್ಚಲೂ ಬೇಡಿ. ನಿಮ್ಮ ನಾಯಕಿಯ ನೆರೆಮನೆ ಹಾಗೆ ಸೆರೆಹೋದವರ ಒಂದು ಮನೆಯಾಗಿರಲಿ. ಎಂಟು ತಿಂಗಳು ಎರಡು ಮನೆಗಳ ನಡುವೆ ಸಾಲವಾಗಿ ಓಡಾಡಿದ ಸೇರಿನ ಪಾತ್ರೆ ಕೊನೆಗೆ ಯಾರ ಮನೆಯಲ್ಲಿ ಉಳಿಯಿತೆಂಬುದನ್ನು ನೀವೇ ನಿರ್ಧರಿಸಿ.

ಎರಡನೆಯ ಅಧ್ಯಾಯವನ್ನು ತಿದ್ದಿ ಬರೆದ ಮೇಲೆ ಕಳುಹಿಸಿ, ಓದುತ್ತೇನೆ. ಸಾಧ್ಯವಾದರೆ ಆಟಿಯಲ್ಲಿ ನಮ್ಮ ಮನೆಗೆ ಬನ್ನಿ. ಮುಡಿ ಕಟ್ಟುವುದನ್ನು ಬಲ್ಲ ಹಿರಿಯರೊಬ್ಬರು ನಮ್ಮ ಊರಿನಲ್ಲಿ ಇನ್ನೂ ಇದ್ದಾರೆ. ಬೈಹುಲ್ಲಿನ ಹಗ್ಗ ಹೊಸೆದು, ಅಕ್ಕಿ ತುಂಬಿ, ಸುತ್ತ ಬಿಗಿದು ಬಡಿಯುವುದನ್ನು ನೀವು ಕಣ್ಣಾರೆ ನೋಡಬಹುದು, ಹೆಗಲಿಗೆ ಏರಿಸಿಕೊಂಡು ಅದರ ಭಾರವನ್ನೂ ತಿಳಿಯಬಹುದು.

ನಿಮ್ಮ ಹಿತೈಷಿ